ಸಂಗೀತ ಕಛೇರಿಯ ಆಹ್ವಾನಕ್ಕಾಗಿ ನಾನು ಸಿದ್ಧಪಡಿಸಿದ ಪ್ರೆಸ್ ಕಿಟ್

ಕಾಸರಗೋಡಿನಲ್ಲಿ ನೆಲೆಸಿ ಕರ್ನಾಟಕ ಸಂಗೀತ ಹಾಡುವ ನನಗೆ ಕಛೇರಿಗಳು ಒದಗುವುದು ಉತ್ತರದ ಮಂಗಳೂರು, ಉಡುಪಿಗಳ ಸಂಗೀತ ಸಭೆಗಳಿಂದ, ದಕ್ಷಿಣದ ಕಾಞಂಗಾಡು, ಪಯ್ಯನ್ನೂರುಗಳ ಸಂಘಟಕರಿಂದ ಮತ್ತು ಮಧೂರು, ಮಲ್ಲಗಳಂಥ ನಮ್ಮದೇ ಕ್ಷೇತ್ರಗಳ ಉತ್ಸವಗಳಿಂದ. ನನ್ನ ಹಾಡನ್ನು ಎಂದೂ ಕೇಳದವರಿಗೆ ಕಳುಹಿಸಲೆಂದು ಎಲೆಕ್ಟ್ರಾನಿಕ್ ಪ್ರೆಸ್ ಕಿಟ್ (ಕಲಾವಿದರ ವಿಡಿಯೊ, ಪರಿಚಯ, ಭಾವಚಿತ್ರಗಳ ಡಿಜಿಟಲ್ ಕಟ್ಟು) ಸಿದ್ಧಪಡಿಸಲು ಕುಳಿತಾಗ, ಕಛೇರಿ ಏರ್ಪಡಿಸುವ ಸಮಿತಿಯ ಕಾರ್ಯದರ್ಶಿಯ ಕೆಲಸಗಳನ್ನೇ ಮನಸ್ಸಿನಲ್ಲಿಟ್ಟುಕೊಂಡೆ. ಅವರು ಉಳಿದ ಸದಸ್ಯರನ್ನು ಒಪ್ಪಿಸಬೇಕು, ಆಮಂತ್ರಣ ಪತ್ರಿಕೆಯನ್ನು ಅಚ್ಚಿಗೆ ಕೊಡಬೇಕು, ಧ್ವನಿವರ್ಧಕದವರಿಗೆ ಸೂಚನೆ ನೀಡಬೇಕು.

ಸದಸ್ಯರನ್ನು ಒಪ್ಪಿಸುವುದು ವಿಡಿಯೊ. ಆದ್ದರಿಂದ ಹೆಚ್ಚಿನ ಶ್ರಮವನ್ನು ಅದಕ್ಕೇ ಹಾಕಿದೆ. ಸ್ಟುಡಿಯೊದಲ್ಲಿ ತಿದ್ದಿ ತೀಡಿದ ಧ್ವನಿಮುದ್ರಣ ಎಷ್ಟೇ ಇಂಪಾಗಿದ್ದರೂ, ಜನರ ಮುಂದೆ, ಪಕ್ಕವಾದ್ಯದವರ ಜೊತೆ ಗಾಯಕಿ ಹೇಗೆ ಹಾಡುತ್ತಾಳೆಂಬುದನ್ನು ಅದು ತೋರಿಸುವುದಿಲ್ಲ. ದೇವಸ್ಥಾನವೊಂದರ ವೇದಿಕೆಯಲ್ಲಿ ನಡೆದ ಕಛೇರಿಯನ್ನು ಕದಲದ ಒಂದೇ ಕ್ಯಾಮೆರಾದಲ್ಲಿ ಚಿತ್ರೀಕರಿಸಿ, ಮೈಕುಗಳ ಧ್ವನಿಯನ್ನು ಬೆರೆಸುವ ಮಿಕ್ಸರ್‌ನಿಂದ ಬೇರೆಯಾಗಿ ಪಡೆದ ಧ್ವನಿಯನ್ನು ಅದಕ್ಕೆ ಹೊಂದಿಸಿದೆ; ಮಿಕ್ಸರ್‌ನ ಧ್ವನಿಯಲ್ಲಿ ಸಭಾಂಗಣದ ಜೀವ ಇರುವುದಿಲ್ಲವಾದ್ದರಿಂದ ಕ್ಯಾಮೆರಾದ ಧ್ವನಿಯನ್ನೂ ಸ್ವಲ್ಪ ಬೆರೆಸಿದೆ. ರಾಗವನ್ನು ತಾಳವಿಲ್ಲದೆ ನಿಧಾನವಾಗಿ ಬಿಡಿಸುವ ಆಲಾಪನೆ ಅರಳಲು ಸಮಯ ಬೇಕು, ಆದರೆ ನೋಡುವವರು ಮೊದಲ ನಿಮಿಷದಲ್ಲೇ ನಿರ್ಧರಿಸುತ್ತಾರೆ. ಆದ್ದರಿಂದ ಕಲ್ಯಾಣಿ ರಾಗದ ಕಲ್ಪನಾಸ್ವರಗಳು (ಸ್ಥಳದಲ್ಲೇ ಕಲ್ಪಿಸಿ ಹಾಡುವ ಸ್ವರಗಳು) ಮೃದಂಗದ ಏಕವಾದನವಾದ ತನಿ ಆವರ್ತನದತ್ತ ಏರುವ ಮೂರು ನಿಮಿಷಗಳನ್ನು ಮುಂದಿಟ್ಟು, ರಸಿಕರೇ ನಡೆಸುವ ಸಭೆಗಳಿಗಾಗಿ ಅದೇ ಕೃತಿಯ ಪೂರ್ಣ ವಿಡಿಯೊದ ಕೊಂಡಿಯನ್ನು ಕೆಳಗೆ ಕೊಟ್ಟೆ. ಪಕ್ಕವಾದ್ಯದವರ ಒಪ್ಪಿಗೆ ಪಡೆದು ಅವರ ಹೆಸರುಗಳನ್ನೂ ಸೇರಿಸಿದ್ದೇನೆ. ಇದು ಅವರಿಗೆ ಸಲ್ಲಬೇಕಾದದ್ದು.

ಪರಿಚಯವನ್ನು ಆಮಂತ್ರಣಕ್ಕೆ ಹೊಂದುವಂತೆ ಅರುವತ್ತು ಪದಗಳಲ್ಲಿ, ನಿರೂಪಕರಿಗಾಗಿ ಇನ್ನೂರು ಪದಗಳಲ್ಲಿ ಬರೆದೆ. ಗುರುಗಳ ಹೆಸರು ಮತ್ತು ಆಕಾಶವಾಣಿ ಕಲಾವಿದರಿಗೆ ಕೊಡುವ ಬಿ ಹೈ ಶ್ರೇಣಿ ಅದರಲ್ಲಿ ಮೊದಲಿಗೇ ಬರುತ್ತವೆ, ಏಕೆಂದರೆ ಧ್ವನಿಪರೀಕ್ಷೆಯಿಂದ ದೊರೆತ ಶ್ರೇಣಿಗೆ ಯಾವ ವಿಶೇಷಣಕ್ಕಿಂತಲೂ ಹೆಚ್ಚಿನ ತೂಕವಿದೆ. ಗಡಿನಾಡಿನಲ್ಲಿ ಕನ್ನಡ ಪ್ರತಿಯೊಂದೇ ಸಾಲದು. ಮಲಯಾಳ ಪ್ರತಿಯನ್ನು ಯಂತ್ರಾನುವಾದಕ್ಕೆ ಬಿಡದೆ ಮಲಯಾಳ ಅಧ್ಯಾಪಕರೊಬ್ಬರಿಂದ ಬರೆಸಿದೆ.

ಭಾವಚಿತ್ರಗಳು ಅಡ್ಡ ಮತ್ತು ಉದ್ದ ಎರಡೂ ಆಕಾರಗಳಲ್ಲಿವೆ. ಆರು ಇಂಚು ಅಗಲಕ್ಕೆ ಅಚ್ಚಾಗಬೇಕಾದ ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 1800 ಪಿಕ್ಸೆಲ್ ಅಗಲವಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುವುದರಿಂದ ನಾನು ಡಾಕ್ಯುಮೆಂಟ್ ಆಗಿಯೇ ಕಳುಹಿಸುತ್ತೇನೆ.

ವೇದಿಕೆಯ ನಕ್ಷೆಗೆ ಒಂದು ಪುಟ ಮೀಸಲು. ನನ್ನ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಹಾಡುಗಾರಿಕೆಗೆ ಒಂದು ಮೈಕು, ಪಿಟೀಲಿಗೆ ಒಂದು, ಮೃದಂಗದ ಎರಡೂ ಮುಖಗಳಿಗೆ ಒಂದೊಂದು, ಜೊತೆಗೆ ಎಲೆಕ್ಟ್ರಾನಿಕ್ ತಂಬೂರಿಗೊಂದು ವಿದ್ಯುತ್ ಸಂಪರ್ಕ ಮತ್ತು ನಮಗೆ ಕೇಳುವಂತೆ ಮಾನಿಟರ್. ಇಷ್ಟು ಮೊದಲೇ ತಲುಪಿದರೆ ಕಛೇರಿಯ ಆರಂಭದಲ್ಲಿ ಹಾಡುವ ವರ್ಣವೆಂಬ ರಚನೆ ಧ್ವನಿ ಸರಿಪಡಿಸುವುದರಲ್ಲೇ ಕಳೆದುಹೋಗುವುದು ತಪ್ಪುತ್ತದೆ.

ಇವೆಲ್ಲವೂ ಒಂದೇ ಪಿಡಿಎಫ್‌ನಲ್ಲಿವೆ. ಪ್ರತಿ ಪುಟದಲ್ಲೂ ದೂರವಾಣಿ ಸಂಖ್ಯೆ ಇದೆ, ಏಕೆಂದರೆ ಸಮಿತಿಯವರು ಬೇಕಾದ ಪುಟವನ್ನಷ್ಟೇ ಇನ್ನೊಬ್ಬರಿಗೆ ದಾಟಿಸುವುದುಂಟು. ಸಂಭಾವನೆಯನ್ನು ಅದರಲ್ಲಿ ಬರೆದಿಲ್ಲ. ದೂರ ಮತ್ತು ಪಕ್ಕವಾದ್ಯದವರ ಸಂಖ್ಯೆಗೆ ತಕ್ಕಂತೆ ಅದು ಬದಲಾಗುವುದರಿಂದ, ದಿನಾಂಕ ಗೊತ್ತಾದ ಮೇಲೆ ಕರೆ ಮಾಡಿ ಮಾತನಾಡಿಕೊಳ್ಳುತ್ತೇನೆ.