ಗಂಡ ಹೆಂಡತಿ ಒಟ್ಟಿಗೆ ವ್ಯಾಯಾಮ: ಇಬ್ಬರ ವೇಗ ಬೇರೆಯಾದರೆ?

ಜೋಡಿಯಾಗಿ ವಾಕಿಂಗ್ ಶುರು ಮಾಡಿ ಎರಡೇ ವಾರಕ್ಕೆ ನಿಲ್ಲಿಸುವವರಿದ್ದಾರೆ. ಸೋಮಾರಿತನಕ್ಕಿಂತ ಹೆಚ್ಚಾಗಿ ಕಾಡುವುದು ವೇಗದ ವ್ಯತ್ಯಾಸ. ಒಬ್ಬರಿಗೆ ಏದುಸಿರು, ಇನ್ನೊಬ್ಬರಿಗೆ ಅದು ವ್ಯಾಯಾಮವೇ ಅಲ್ಲ.

ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ನೋಡಿ ಶ್ರಮ ಅಳೆಯಬೇಡಿ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ, ಮೈ ತಣಿಯುವುದೂ ನಿಧಾನ. ಮಾತಿನಿಂದ ಅಳೆಯಿರಿ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಈ ಹದದಲ್ಲಿ ವಾರಕ್ಕೆ 150 ನಿಮಿಷ ಸಾಕು. ದಿನಕ್ಕೆ 30 ನಿಮಿಷದಂತೆ 5 ದಿನ.

ಮಲ್ಪೆ ಅಥವಾ ತಣ್ಣೀರುಬಾವಿ ಬೀಚಿನಲ್ಲಿ ಹೀಗೆ ಮಾಡಿ. ಮೊದಲ 5 ನಿಮಿಷ ಒಟ್ಟಿಗೆ, ನಿಧಾನವಾಗಿ. ಆಮೇಲೆ ಇಬ್ಬರ ಮೊಬೈಲಿನಲ್ಲೂ 10 ನಿಮಿಷಕ್ಕೆ ಅಲಾರಂ ಇಟ್ಟು, ಅವರವರ ವೇಗದಲ್ಲಿ ಒಂದೇ ದಿಕ್ಕಿಗೆ ಹೊರಡಿ. ಅಲಾರಂ ಹೊಡೆದ ಕೂಡಲೇ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ಮುಂದೆ ಹೋದವರು ಈಗ ಹಿಂದೆ ಬೀಳುತ್ತಾರೆ, ಆದರೆ ಹೊರಟ ಜಾಗಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಮುಟ್ಟುತ್ತೀರಿ. ತಡವಾಗಿ ಬಂದವರು ಹೋಗುವಾಗ ಜೋರು ಮಾಡಿದ್ದಾರೆ ಎಂದರ್ಥ. ಮರುದಿನ ತುಸು ನಿಧಾನ ಹೊರಡಲಿ. ಕೊನೆಯ 5 ನಿಮಿಷ ಮತ್ತೆ ಜೊತೆಯಾಗಿ.

ಒಣ ಹೊಯ್ಗೆಯಲ್ಲಿ ಕಾಲು ಹೂತು ಮೀನಖಂಡ ಹಿಡಿಯುತ್ತದೆ, ಒದ್ದೆಯಾಗಿ ಗಟ್ಟಿಯಾದ ಕಡೆ ನಡೆಯಿರಿ. ಅಲ್ಲಿ ಇಳಿಜಾರು ಇರುವುದರಿಂದ ಹೋದ ದಾರಿಯಲ್ಲೇ ಮರಳುವುದು ಮೊಣಕಾಲಿಗೂ ಒಳ್ಳೆಯದು, ಎರಡು ಕಾಲಿಗೂ ಭಾರ ಸಮವಾಗಿ ಬೀಳುತ್ತದೆ. ಮಳೆಗಾಲದಲ್ಲಿ ಮಾತ್ರ ಅಲೆಯ ಹತ್ತಿರ ಹೋಗಲೇಬೇಡಿ.

ವಾರಕ್ಕೆರಡು ದಿನ ಸ್ನಾಯುಗಳಿಗೂ ಕೆಲಸ ಬೇಕು. ಇದನ್ನು ಚಾವಡಿಯಲ್ಲೇ ಮಾಡಬಹುದು, ಒಂದು ಗಟ್ಟಿ ಬೈರಾಸು (ಟವೆಲ್) ಸಾಕು. ಎದುರುಬದುರು ಕುಳಿತು, ಮೊಣಕಾಲು ತುಸು ಮಡಚಿ, ಅಂಗಾಲಿಗೆ ಅಂಗಾಲು ಒತ್ತಿಕೊಳ್ಳಿ. ಬೈರಾಸಿನ ಒಂದೊಂದು ತುದಿ ಒಬ್ಬೊಬ್ಬರಿಗೆ. ಒಬ್ಬರು 3 ಎಣಿಸುತ್ತಾ ಮೊಣಕೈ ಹಿಂದಕ್ಕೆ ತರಲಿ, ಇನ್ನೊಬ್ಬರು ಬಿಗಿ ಸಡಿಲಿಸದೆ ನಿಧಾನವಾಗಿ ಬಿಟ್ಟುಕೊಡಲಿ. ತಲಾ 8 ಸಲ, 2 ಸುತ್ತು. ಬಲ ಹೆಚ್ಚಿದ್ದವರು ಪಂದ್ಯದ ಹಾಗೆ ಜಗ್ಗಿದರೆ ಎದುರಿನವರ ಬೆನ್ನು ಬಾಗಿ ಸೊಂಟ ಹಿಡಿಯುತ್ತದೆ. ಕೈ ಬೆವರಿದ್ದರೆ ಒರೆಸಿಕೊಳ್ಳಿ. ತುದಿ ಜಾರಿದರೆ ಹಿಂದಕ್ಕೆ ಬೀಳುತ್ತೀರಿ. ಗಟ್ಟಿಯಾಗಿ ಎಣಿಸಿದರೆ ಉಸಿರು ಕಟ್ಟುವುದಿಲ್ಲ, ಬಿಪಿ ಇದ್ದವರಿಗೆ ಇದು ಮುಖ್ಯ.

ಆಮೇಲೆ ಕೈ ಕೈ ಹಿಡಿದು ಸ್ಕ್ವಾಟ್, 10 ಸಲ. ಹಿಂದೆ ಕುರ್ಚಿ ಇದೆಯೆಂಬಂತೆ ಕುಳಿತು ಏಳಿ. ಟೈಲ್ಸ್ ಮೇಲೆ ಚಾಪೆ ಜಾರುತ್ತದೆ. ಒಣ ನೆಲದಲ್ಲಿ ಬರಿಗಾಲೇ ವಾಸಿ.

ಕುಡಿಯಲು ನೀರು ಅಥವಾ ಉಪ್ಪು ಹಾಕಿದ ಗಂಜಿ ತಿಳಿ. ತಲೆ ಸುತ್ತಿದರೆ, ಎದೆ ಹಿಡಿದಂತಾದರೆ ಇಬ್ಬರೂ ಅಲ್ಲಿಗೇ ನಿಲ್ಲಿಸಿ. ಎದೆ ಹಿಡಿತ ಬಿಡದಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ.