ಅರ್ಧ ನ್ಯೂಟ್ರಾನ್ ಇರ್ತದಾ? ಹುಣಸೆಬೀಜದಲ್ಲಿ ಐಸೊಟೋಪ್ ಕಲಿಸಿದ ನನ್ನ ಅನುಭವ

ಒಂಬತ್ತನೇ ತರಗತಿಗೆ ಪರಮಾಣು ರಚನೆಯ ಪಾಠ ಮಾಡುತ್ತಿದ್ದೆ. ಪ್ರೋಟಾನ್, ನ್ಯೂಟ್ರಾನ್ ಎರಡನ್ನೂ ಕೂಡಿಸಿದರೆ ದ್ರವ್ಯರಾಶಿ ಸಂಖ್ಯೆ ಬರುತ್ತದೆ ಎಂದು ಆಗಷ್ಟೇ ಹೇಳಿದ್ದೆ. ಮುಂದಿನ ಬೆಂಚಿನ ಹುಡುಗಿ ಆವರ್ತ ಕೋಷ್ಟಕದ ಕ್ಲೋರಿನ್ ಮೇಲೆ ಬೆರಳಿಟ್ಟಳು.

"ಅಕ್ಕೋರೆ, ಇಲ್ಲಿ 35.5 ಅಂತ ಉಂಟು. ಪ್ರೋಟಾನ್ 17. ಹಾಗಾದ್ರೆ ನ್ಯೂಟ್ರಾನ್ ಹದಿನೆಂಟೂವರೆಯಾ? ಅರ್ಧ ನ್ಯೂಟ್ರಾನ್ ಇರ್ತದಾ?"

"ಅದು ಸರಾಸರಿ ಮಗಾ" ಎಂದೆ. ಅವಳು ತಲೆಯಾಡಿಸಿ ಕೂತಳು. ಆದರೆ ಅರ್ಥವಾಗಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಅಲ್ಲಿಯವರೆಗೂ ನಾನು 'ಒಂದೇ ಧಾತುವಿನ, ಆದರೆ ನ್ಯೂಟ್ರಾನ್ ಸಂಖ್ಯೆ ಬೇರೆಯಾಗಿರುವ ಪರಮಾಣುಗಳೇ ಐಸೊಟೋಪ್' ಎಂದು ಬೋರ್ಡಿನ ಮೇಲೆ ಬರೆದು, ಬಾಯಿಪಾಠ ಮಾಡಿಸಿ ಮುಂದೆ ಹೋಗುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಅವಳ ಪ್ರಶ್ನೆಗೆ ಸಾಕಾಗಲಿಲ್ಲ.

ಮನೆಯಲ್ಲಿ ಹುಣಸೆಹಣ್ಣು ಬಿಡಿಸಿದ ಬೀಜ ಒಂದು ಡಬ್ಬಿ ತುಂಬ ಇತ್ತು. 142 ಬೀಜ ಎಣಿಸಿ ತೆಗೆದೆ. ಅದರಲ್ಲಿ 68ಕ್ಕೆ ಕೆಂಪು ನೇಲ್‌ಪಾಲಿಶ್‌ನಿಂದ ಒಂದೊಂದು ಚುಕ್ಕೆ ಇಟ್ಟು ಪೇಪರ್ ಮೇಲೆ ಒಣಗಿಸಿದೆ. ಚುಕ್ಕೆ ಇದ್ದದ್ದು ಪ್ರೋಟಾನ್, ಬೋಳು ಬೀಜ ನ್ಯೂಟ್ರಾನ್. ಮೊದಲು ನ್ಯೂಟ್ರಾನ್‌ಗೆ ಅಲಸಂದೆ ಕಾಳು ತೆಗೆದುಕೊಳ್ಳೋಣ ಅಂದುಕೊಂಡಿದ್ದೆ. ಆದರೆ ಪ್ರೋಟಾನ್, ನ್ಯೂಟ್ರಾನ್ ಎರಡರ ತೂಕವೂ ಹೆಚ್ಚುಕಡಿಮೆ ಒಂದೇ ಅಲ್ವಾ? ಇಬ್ಬರಿಗೂ ಒಂದೇ ಬೀಜ ಆದರೆ, ವ್ಯತ್ಯಾಸ ಇರುವುದು ಚುಕ್ಕೆಯಲ್ಲಿ, ಅಂದರೆ ವಿದ್ಯುದಂಶದಲ್ಲಿ ಮಾತ್ರ ಎಂದು ಕಣ್ಣಿಗೇ ಕಾಣುತ್ತದೆ.

ಮರುದಿನ ನಾಲ್ಕು ಬಟ್ಟೆಚೀಲಗಳನ್ನು ನಾಲ್ಕು ಗುಂಪಿಗೆ ಕೊಟ್ಟೆ. ಎಣಿಸಿ ಎಂದೆ, ಬೇರೇನೂ ಹೇಳಲಿಲ್ಲ. ಮೂರು ಗುಂಪಿಗೆ 17 ಕೆಂಪು, 18 ಬೋಳು ಸಿಕ್ಕಿತು. ನಾಲ್ಕನೆಯವರು ಎರಡು ಸಲ ಎಣಿಸಿದರು. "ನಮ್ಮದರಲ್ಲಿ ಎರಡು ಜಾಸ್ತಿ ಉಂಟು." 17 ಕೆಂಪು, 20 ಬೋಳು. ನಾಲ್ಕೂ ಚೀಲದ ಬೀಜ ಕೂಡಿಸಿ ನಾಲ್ಕರಿಂದ ಭಾಗಿಸಿ ಎಂದೆ. ಆ ಹುಡುಗಿಯೇ ಮೊದಲು ಕೂಗಿದಳು: "35.5!" ಆಮೇಲೆ ನಿಧಾನವಾಗಿ, "ಆದ್ರೆ ಯಾವ ಚೀಲದಲ್ಲೂ ಅಷ್ಟಿಲ್ಲ."

ಇಷ್ಟು ವರ್ಷ ನಾನು ಹೇಳಲಾಗದ ಮಾತು ಅದು. ಸಾಣಿಕಟ್ಟಾದ ಗದ್ದೆಯ ಉಪ್ಪನ್ನು ಒಂದು ಚಿಟಿಕೆ ತೆಗೆದುಕೊಳ್ಳಿ. ಅದರೊಳಗಿನ ಕ್ಲೋರಿನ್ ಪರಮಾಣುಗಳಲ್ಲಿ ಸುಮಾರು ಮುಕ್ಕಾಲು ಪಾಲು 35ರವು, ಕಾಲು ಪಾಲು 37ರವು. 35.5ರದ್ದು ಒಂದೂ ಇಲ್ಲ. ಉಪ್ಪಿನ ರುಚಿಯಲ್ಲಿ ಭೇದವೇಕಿಲ್ಲ ಎಂದು ಒಬ್ಬ ಕೇಳಿದ. ಎರಡರಲ್ಲೂ ಎಲೆಕ್ಟ್ರಾನ್ 17. ಬೇರೆ ಪರಮಾಣುಗಳ ಜೊತೆ ಕೂಡುವ ಕೆಲಸ ಎಲೆಕ್ಟ್ರಾನ್‌ಗಳದ್ದು. ಅದಕ್ಕೇ ಕೋಷ್ಟಕದಲ್ಲಿ ಎರಡಕ್ಕೂ ಒಂದೇ ಮನೆ. ನಮ್ಮ ಪುಸ್ತಕದ 'ಸಮಸ್ಥಾನಿ' ಎಂಬ ಪದದ ಅರ್ಥವೂ ಅದೇ. ಫ್ರೆಡರಿಕ್ ಸಾಡಿ ಐಸೊಟೋಪ್ ಎಂಬ ಹೆಸರು ಬಳಕೆಗೆ ತಂದದ್ದು 1913ರಲ್ಲಿ, ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದದ್ದು 1932ರಲ್ಲಿ. ಒಂದೇ ಧಾತು, ಬೇರೆ ಬೇರೆ ತೂಕ ಅನ್ನುವುದು ಮೊದಲೇ ಗೊತ್ತಿತ್ತು. ಕಾರಣ ಗೊತ್ತಾಗಲು ಹತ್ತೊಂಬತ್ತು ವರ್ಷ ಬೇಕಾಯಿತು.

ಅಷ್ಟಕ್ಕೇ ಪಾಠ ಮುಗಿಯಲಿಲ್ಲ. "ವಿದ್ಯುದಂಶವೇ ಇಲ್ಲದ ಈ ನ್ಯೂಟ್ರಾನ್ ಸುಮ್ನೆ ಯಾಕೆ ಒಳಗೆ ಕೂತಿದೆ?" ಎಂಬ ಪ್ರಶ್ನೆ ಬಂತು. ಎರಡು ಆಯಸ್ಕಾಂತಗಳ ಉತ್ತರ ಧ್ರುವಗಳನ್ನು ಎದುರುಬದುರು ಹಿಡಿದು ಒತ್ತಲು ಹೇಳಿದೆ. ಕೈ ಜಾರುತ್ತದೆ, ಒಂದಾಗುವುದೇ ಇಲ್ಲ. ಪ್ರೋಟಾನ್‌ಗಳೂ ಒಂದನ್ನೊಂದು ಹೀಗೆಯೇ ತಳ್ಳುತ್ತವೆ. ಆದರೆ ಇವೆಲ್ಲ ಕೂತಿರುವ ಪರಮಾಣುವಿನ ನಡುಭಾಗದಲ್ಲಿ, ಅಂದರೆ ಬೀಜಕೇಂದ್ರದಲ್ಲಿ, ಇನ್ನೊಂದು ಬಲವಿದೆ. ಅದು ತೀರ ಹತ್ತಿರದಲ್ಲಿ ಮಾತ್ರ ಎಳೆಯುತ್ತದೆ, ಪ್ರೋಟಾನ್, ನ್ಯೂಟ್ರಾನ್ ಎಂಬ ಭೇದ ಅದಕ್ಕಿಲ್ಲ. ನ್ಯೂಟ್ರಾನ್ ಯಾರನ್ನೂ ತಳ್ಳುವುದಿಲ್ಲ, ಎಲ್ಲರನ್ನೂ ಎಳೆದು ಹಿಡಿಯುತ್ತದೆ. ಬರೀ ಎರಡು ಪ್ರೋಟಾನ್ ಒಟ್ಟಿಗೆ ನಿಲ್ಲುವುದಿಲ್ಲ. ಒಂದು ನ್ಯೂಟ್ರಾನ್ ಸೇರಿಸಿದರೆ ಹೀಲಿಯಂ-3 ಗಟ್ಟಿಯಾಗಿ ನಿಲ್ಲುತ್ತದೆ. ಪ್ರೋಟಾನ್ ಹೆಚ್ಚಿದಷ್ಟೂ ತಳ್ಳಾಟ ಜಾಸ್ತಿ, ನ್ಯೂಟ್ರಾನ್‌ಗಳೂ ಜಾಸ್ತಿ ಬೇಕು. ಕ್ಯಾಲ್ಸಿಯಂ-40ರಲ್ಲಿ 20ಕ್ಕೆ 20 ಸಾಕು. ಸೀಸ-208ರಲ್ಲಿ 82 ಪ್ರೋಟಾನ್‌ಗೆ 126 ನ್ಯೂಟ್ರಾನ್.

ಹಾಗಂತ ನ್ಯೂಟ್ರಾನ್ ಎಷ್ಟು ಬೇಕಾದರೂ ತುಂಬಲು ಆಗುವುದಿಲ್ಲ. ಇದನ್ನು ತೋರಿಸಲು ಕಾರ್ಬನ್-14ರ ಚೀಲ ಮಾಡಿದೆ. 6 ಕೆಂಪು, 8 ಬೋಳು. ಒಬ್ಬ ಹುಡುಗನ ಕೈಗೆ ನೇಲ್‌ಪಾಲಿಶ್ ಬಾಟಲಿ ಕೊಟ್ಟು, ಒಂದು ಬೋಳು ಬೀಜಕ್ಕೆ ಚುಕ್ಕೆ ಇಡು ಎಂದೆ. ಇಟ್ಟ. ಕ್ಲಾಸಿನ ತುಂಬ ಆ ವಾಸನೆ. ಈಗ ಎಣಿಸಿ. 7 ಕೆಂಪು, 7 ಬೋಳು. ಒಟ್ಟು ಅದೇ 14. ಒಬ್ಬಳು ಕೋಷ್ಟಕ ನೋಡಿ ಹೇಳಿದಳು, "ಏಳು ಅಂದ್ರೆ ನೈಟ್ರೋಜನ್. ಹೆಸರೇ ಬದಲಾಯ್ತಲ್ಲ!" ನ್ಯೂಟ್ರಾನ್ ಹೆಚ್ಚಾದ ಕಾರ್ಬನ್-14ರಲ್ಲಿ ತಾನಾಗಿಯೇ ಆಗುವುದೂ ಇದೇ: ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ, ಒಂದು ಎಲೆಕ್ಟ್ರಾನ್ ಹೊರಗೆ ಹಾರುತ್ತದೆ. ಕಾರ್ಬನ್-14 ಎಷ್ಟೇ ಇರಲಿ, 5,730 ವರ್ಷದಲ್ಲಿ ಅದರ ಅರ್ಧ ಹೀಗೆ ನೈಟ್ರೋಜನ್ ಆಗಿರುತ್ತದೆ. ಹಳೇ ಮರ, ಇದ್ದಿಲುಗಳ ವಯಸ್ಸು ಹೇಳುವುದು ಇದನ್ನೇ ನೋಡಿ.

ನಮ್ಮದು ಉತ್ತರ ಕನ್ನಡ. ಕೈಗಾದ ಅಣುವಿದ್ಯುತ್ ಸ್ಥಾವರದ ಮಾತು ಬಾರದೆ ಇರುತ್ತದೆಯೇ? ಅಲ್ಲಿ ಭಾರಜಲ ಯಾಕೆ, ಕಾಳಿ ನದಿಯ ನೀರೇ ಆಗುವುದಿಲ್ಲವೇ ಎಂದು ಕೇಳಿದರು. ಆ ಸ್ಥಾವರದಲ್ಲಿ ಬಳಸುವುದು ನೈಸರ್ಗಿಕ ಯುರೇನಿಯಂ. ಅದರಲ್ಲಿ ನಿಧಾನದ ನ್ಯೂಟ್ರಾನ್ ತಾಗಿದರೆ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ನೂರಕ್ಕೆ 0.7 ಮಾತ್ರ. ಹಾಗಾಗಿ ಒಂದೊಂದು ನ್ಯೂಟ್ರಾನೂ ಮುಖ್ಯ. ಅಲ್ಲಿನ ನೀರು ಅವುಗಳ ವೇಗ ತಗ್ಗಿಸಬೇಕು, ಆದರೆ ಅವುಗಳನ್ನು ನುಂಗಬಾರದು. ಮೇಜಿನ ಮೇಲೆ ಒಂದೇ ಒಂದು ಕೆಂಪು ಬೀಜ ಇಟ್ಟೆ. ಇದು ಮಾಮೂಲಿ ನೀರಿನ ಹೈಡ್ರೋಜನ್. ಪಕ್ಕದಲ್ಲಿ ಒಂದು ಕೆಂಪು, ಒಂದು ಬೋಳು. ಇದು ಭಾರಜಲದ ಡ್ಯುಟೀರಿಯಂ. ಕೈಯಲ್ಲಿದ್ದ ಬೋಳು ಬೀಜವನ್ನು ತೋರಿಸಿ, ಇದನ್ನು ಯಾರು ಎಳೆದುಕೊಳ್ಳುತ್ತಾರೆ ಎಂದು ಕೇಳಿದೆ.

ಹಿಂದಿನ ಬೆಂಚಿನಿಂದ, ಆ ವರ್ಷ ಅಲ್ಲಿಯವರೆಗೆ ಬಾಯಿ ಬಿಡದ ಹುಡುಗ ಎದ್ದು ಬಂದ. ಬೋಳು ಬೀಜವನ್ನು ನನ್ನ ಕೈಯಿಂದ ತೆಗೆದು ಒಂಟಿ ಕೆಂಪಿನ ಪಕ್ಕ ಇಟ್ಟ. ಆಮೇಲೆ ಇನ್ನೊಂದು ಜೋಡಿಯನ್ನು ತೋರಿಸಿ ಹೇಳಿದ, "ಇದಕ್ಕೆ ಮೊದ್ಲೇ ಊಟ ಆಗಿದೆ ಅಕ್ಕೋರೆ."