ಒಳಮೈಯನ್ನೂ ತೋರಿಸಬಲ್ಲ ಬಟ್ಟೆ

ಕರಿಹಲಗೆಯ ಮೇಲೆ ಬರೆಯಲು ಕೈಯೆತ್ತಿದಾಗಲೆಲ್ಲ ನನ್ನ ಕುರ್ತಾ ಇಡಿಯಾಗಿ ಮೇಲಕ್ಕೇಳುತ್ತಿತ್ತು. ವರ್ಷ ತುಂಬುವುದರೊಳಗೆ ಕಂಕುಳಿನಲ್ಲಿ ಹರಿಯುತ್ತಿತ್ತು. ಹೊಲಿಗೆ ಬಿಟ್ಟಿದ್ದರೆ ಹಾಕಿಕೊಳ್ಳಬಹುದಿತ್ತು, ಆದರೆ ಪ್ರತಿಸಲವೂ ಹರಿದದ್ದು ಬಟ್ಟೆಯೇ. ಹೀಗೆ ಎಷ್ಟೋ ಕುರ್ತಾಗಳು ಒರೆಸುವ ಬಟ್ಟೆಯಾದ ಮೇಲೆ, ಒಂದು ಬೇಸಿಗೆ ರಜೆಯಲ್ಲಿ ತಂದೆಯವರ ಹಳೆಯ ಖಾದಿ ಜುಬ್ಬಾವನ್ನು ತೆಗೆದುಕೊಂಡು ಒಂದೊಂದೇ ಹೊಲಿಗೆ ಬಿಚ್ಚಿದೆ. ತೋಳಿನ ಬುಡದಲ್ಲಿ ಅಂಗೈಯಗಲದ ಒಂದು ಚೌಕ ಸಿಕ್ಕಿತು. ಇಪ್ಪತ್ತು ವರ್ಷ ತೊಟ್ಟರೂ ಆ ಜುಬ್ಬಾ ಕಂಕುಳಿನಲ್ಲಿ ಹರಿಯದಿರಲು ಆ ಚೌಕವೇ ಕಾರಣ. ಹತ್ತಿ ಬಟ್ಟೆ ಹಾಸಿನ (ಉದ್ದ ನೂಲಿನ) ಉದ್ದಕ್ಕೂ ಹೊಕ್ಕಿನ (ಅಡ್ಡ ನೂಲಿನ) ಉದ್ದಕ್ಕೂ ಹೆಚ್ಚು ಹಿಗ್ಗುವುದಿಲ್ಲ, ಓರೆಯಲ್ಲಿ ಹಿಗ್ಗುತ್ತದೆ. ಚೌಕವನ್ನು ಮೂಲೆ ಮೇಲಾಗಿ ಕೂರಿಸಿದರೆ ಕೈಯೆತ್ತಿದಾಗ ಎಳೆತ ಆ ಓರೆಯ ಮೇಲೆ ಬೀಳುತ್ತದೆ. ಅಂದಿನಿಂದ ನನ್ನ ಬಟ್ಟೆ ನಾನೇ ಹೊಲಿದುಕೊಳ್ಳುತ್ತೇನೆ, ಎಲ್ಲವನ್ನೂ ಕೈಯಿಂದಲೇ.

ಮೂವತ್ತಾರು ಇಂಚು ಪನ್ನದ (ಅಗಲದ) ಖಾದಿ ಎರಡೂವರೆ ಮೀಟರ್ ತರುತ್ತೇನೆ. ಕತ್ತರಿ ಮುಟ್ಟುವ ಮೊದಲು ಅದು ಒಂದು ರಾತ್ರಿ ನೀರಿನಲ್ಲಿ ನೆನೆಯಲೇಬೇಕು, ನೆರಳಿನಲ್ಲಿ ಒಣಗಲೇಬೇಕು. ಹಾಗೆ ಮಾಡದೆ ಹೊಲಿದ ಮೊದಲ ಕುರ್ತಾ ಒಂದೇ ಒಗೆತಕ್ಕೆ ಎರಡು ಇಂಚು ಗಿಡ್ಡವಾಯಿತು. ಕತ್ತರಿಸುವ ಗೆರೆಗೆ ಸೀಮೆಸುಣ್ಣ ಬಳಸುವುದಿಲ್ಲ. ಅಂಚಿನಲ್ಲಿ ಒಂದು ನೂಲನ್ನು ಹಿಡಿದು ಮೆಲ್ಲಗೆ ಎಳೆದರೆ ಅದು ಬಿಟ್ಟ ಜಾಗದಲ್ಲಿ ಕೂದಲೆಳೆಯಂಥ ಗೆರೆ ಮೂಡುತ್ತದೆ. ಅಷ್ಟು ನೇರವಾದ ಗೆರೆ ಯಾವ ಅಳತೆಪಟ್ಟಿಯಿಂದಲೂ ನನಗೆ ಬಂದಿಲ್ಲ.

ನನ್ನ ಮೈಗೆ ಮುಂಭಾಗ, ಹಿಂಭಾಗ ಎರಡೂ ಸೇರಿ ಒಂದೇ ತುಂಡು: 22 ಇಂಚು ಅಗಲ, 82 ಇಂಚು ಉದ್ದ. ನಡುವೆ ಮಡಚಿದರೆ ಅದೇ ಭುಜ, ಅಲ್ಲಿ ಹೊಲಿಗೆಯೇ ಬೇಡ. ಪಕ್ಕದಲ್ಲಿ ಉಳಿಯುವ 14 ಇಂಚಿನ ಪಟ್ಟಿಯಲ್ಲಿ 18 ಇಂಚು ಉದ್ದದ ಎರಡು ತೋಳುಗಳು. ಮುಂದಿನ 26 ಇಂಚನ್ನು ಉದ್ದಕ್ಕೆ ಎರಡಾಗಿ ಸೀಳಿ, ಪ್ರತಿಯೊಂದನ್ನೂ ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಪಕ್ಕಕ್ಕೆ ಕೂರಿಸುವ ನಾಲ್ಕು ತ್ರಿಕೋನಗಳು. ಮಿಕ್ಕದ್ದರಲ್ಲಿ ಎರಡು ಚೌಕ, ಒಂದು ಜೇಬು, ಕೊರಳಿನ ಒಳಪಟ್ಟಿ. ಚೂರು ಎಂದು ಎಸೆಯುವುದು ಹಿಡಿಯಷ್ಟೂ ಇಲ್ಲ. ನೂತು ನೇಯ್ದವರ ಕೈಕೆಲಸವನ್ನು ಕಸದ ಬುಟ್ಟಿಗೆ ಹಾಕದೆ ಉಡುಪು ಮಾಡುವ ಈ ಲೆಕ್ಕ ಯಾರದೋ ಗೊತ್ತಿಲ್ಲ, ಅವರಿಗೆ ಕೈಮುಗಿಯುತ್ತೇನೆ.

ಹೊಲಿಗೆಗೆ ಹತ್ತಿಯ ದಾರ, ಸಣ್ಣ ಸೂಜಿ, ಸೂಜಿ ಚುಚ್ಚದಂತೆ ಬೆರಳಿಗೆ ಅಂಗುಸ್ತಾನ. ದಾರ ಒಂದು ಮೊಳಕ್ಕಿಂತ ಉದ್ದವಿರಬಾರದು, ಇದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ. ಜೇನುಮೇಣದ ಮೇಲೊಮ್ಮೆ ಎಳೆದುಕೊಂಡರೆ ನಯವಾಗಿ ಹೋಗುತ್ತದೆ. ಎಳೆತ ಬೀಳುವ ಕಡೆ, ಅಂದರೆ ತೋಳು ಮತ್ತು ಚೌಕಕ್ಕೆ, ಒಂದು ಹೆಜ್ಜೆ ಹಿಂದಿಟ್ಟು ಎರಡು ಹೆಜ್ಜೆ ಮುಂದೆ ಹೋಗುವ ಹೊಲಿಗೆ ಹಾಕುತ್ತೇನೆ. ಉಳಿದೆಡೆ ಸಾದಾ ಹೊಲಿಗೆ ಸಾಕು. ಆಮೇಲೆ ಒಳಗಿನ ಒಂದು ಅಂಚನ್ನು ಕಿರಿದಾಗಿಸಿ, ಇನ್ನೊಂದನ್ನು ಅದರ ಮೇಲೆ ಮಡಚಿ ಹೆಮ್ಮಿಂಗ್ ಮಾಡಿದರೆ ಒಂದು ನೂಲೂ ಹೊರಗೆ ಇಣುಕುವುದಿಲ್ಲ. ಸಂಜೆಗೆ ಒಂದು ತಾಸಿನಂತೆ ಕುಳಿತರೆ ಒಂದು ಕುರ್ತಾಗೆ ಎರಡು ವಾರ.

ಕೊರಳಿಗೆ ಮತ್ತು ತೋಳಿನ ತುದಿಗೆ ಕಸೂತಿ, ನೂಲು ಎಣಿಸಿ ಕೈಯಲ್ಲಿ ಹಾಕುವ ಉತ್ತರ ಕರ್ನಾಟಕದ ಚಿತ್ತಾರ. ಧಾರವಾಡದ ಕಡೆ ಹುಟ್ಟಿದ ನನಗೆ ಅದು ಪೆಟ್ಟಿಗೆಯಲ್ಲಿದ್ದ ವಸ್ತು, ಕೈಗೆ ಬಂದ ವಿದ್ಯೆಯಲ್ಲ. ಅಮ್ಮನ ಕಸೂತಿ ಹಾಕಿದ ಇಳಕಲ್ ಸೀರೆಯ ಸೆರಗನ್ನು ಮಗುಚಿ ಹಾಕಿ, ಒಂದು ತುಳಸಿಕಟ್ಟೆಯ ಗೆರೆಗಳ ಮೇಲೆ ಬರಿ ಸೂಜಿಯ ಮೊನೆ ಆಡಿಸುತ್ತ ದಾರಿ ಹುಡುಕಿದೆ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗವಂತಿ. ನಾಲ್ಕು ನೂಲು ಮೇಲೆ, ನಾಲ್ಕು ನೂಲು ಕೆಳಗೆ ಹೀಗೆ ಎಣಿಸಿ ಹೋಗಬೇಕು. ತುದಿ ಮುಟ್ಟಿ ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳು ತುಂಬುತ್ತವೆ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯ ಕೆಳಗೇ ತೂರಿಸಬೇಕು. ಮುಗಿದಾಗ ಒಳಮೈ, ಹೊರಮೈ ಎರಡೂ ಒಂದೇ.

ಕಷ್ಟ ಬರುವುದು ಕವಲಿನಲ್ಲಿ. ಗೋಪುರದ ಚಿತ್ತಾರದ ನಡುಗೆರೆಯಲ್ಲಿ ಹೋಗುತ್ತಿರುವಾಗ ಪಕ್ಕಕ್ಕೊಂದು ಕೊಂಬೆ ಸಿಕ್ಕರೆ, ಆಗಲೇ ಅದರ ತುದಿಯವರೆಗೆ ಹೋಗಿ, ತುಂಬುತ್ತ ಹಿಂದಿರುಗಿ, ಮತ್ತೆ ನಡುಗೆರೆ ಹಿಡಿಯಬೇಕು. ಮರಳುವಾಗ ನೋಡಿಕೊಳ್ಳೋಣ ಎಂದು ಕೆಲವನ್ನು ಬಿಟ್ಟು ಕೆಲವನ್ನು ಹಾಕಿದರೆ ಯಾವುದನ್ನು ಬಿಟ್ಟೆ ಎಂಬ ಲೆಕ್ಕ ಸುಲಭವಾಗಿ ತಪ್ಪುತ್ತದೆ. ಒಂದನ್ನು ಮರೆತು ಮುಂದೆ ಹೋದರೆ ಸೂಜಿ ಅಡ್ಡ ಜಿಗಿಯಬೇಕಾಗುತ್ತದೆ, ಆ ಜಿಗಿತ ಹಿಂಬದಿಯಲ್ಲಿ ಕಾಣುತ್ತದೆ. ಈಗ ಮೊದಲೇ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಆ ದಾರಿಯನ್ನು ನಡೆದು ನೋಡುತ್ತೇನೆ. ಯಂತ್ರದಲ್ಲಿ ಹಾಕಿದ್ದನ್ನೂ ಕಸೂತಿ ಎಂದೇ ಮಾರುವುದನ್ನು ಕಂಡರೆ ನನಗೆ ನೋವಾಗುತ್ತದೆ. ಹುಟ್ಟಿದ ನೆಲದ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಿಕೆ (ಜಿಐ) ಪಡೆದ ಕಲೆ ಇದು. ಕೊಳ್ಳುವವರು ಒಮ್ಮೆ ಬಟ್ಟೆ ಮಗುಚಿ ನೋಡಲಿ.

ಖಾದಿಯಲ್ಲಿ ಇನ್ನೊಂದು ತೊಡಕಿದೆ. ಕೈನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ನೂಲು ಎಣಿಸಿ ಹಾಕಿದ ನನ್ನ ಮೊದಲ ಆನೆ ಮೇಲಕ್ಕೆಳೆದ ಹಾಗೆ ಉದ್ದವಾಯಿತು. ಅಂಥ ಬಟ್ಟೆಗೆ ಜಾಳಿಗೆಯಂಥ ಕ್ಯಾನ್ವಾಸನ್ನು ಮೇಲೆ ಕಚ್ಚಾ ಹೊಲಿದು, ಅದರ ಕಣ್ಣುಗಳನ್ನು ಎಣಿಸುತ್ತ ಕಸೂತಿ ಹಾಕಿ, ಕೊನೆಗೆ ಸ್ವಲ್ಪ ಒದ್ದೆ ಮಾಡಿ ಅದರ ನೂಲುಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತೇನೆ. ಅವು ಜಾರಿ ಹೊರಬಂದು ಬಟ್ಟೆಯ ಮೇಲೆ ಬರಿ ಚಿತ್ತಾರ ಉಳಿಯುವ ಆ ಹತ್ತು ನಿಮಿಷಕ್ಕಾಗಿ ಇಡೀ ತಿಂಗಳು ಕಾಯಬಹುದು.

ಕೆಂಪು ದಾರವನ್ನು ಮೊದಲೇ ಬಿಸಿನೀರಿನಲ್ಲಿ ಅದ್ದಿ, ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ನಾನು ನೋಡಲಿಲ್ಲ. ಮೂರನೆಯ ಕುರ್ತಾದ ಕೊರಳಿನ ಸುತ್ತ ಬಣ್ಣ ಬಿಟ್ಟು ಗುಲಾಬಿ ಕಲೆಯಾಯಿತು, ಎಷ್ಟು ಒಗೆದರೂ ಹೋಗಲಿಲ್ಲ. ಕೊನೆಗೆ ಆ ಕಲೆಯ ಮೇಲೆಯೇ ಗುಣಾಕಾರದ ಗುರುತಿನಂಥ ಮೆಂತೆ ಹೊಲಿಗೆಯಲ್ಲಿ ಒತ್ತಾಗಿ ಒಂದು ಸಾಲು ನವಿಲು ತುಂಬಿದೆ. ಆ ಕುರ್ತಾದ ಮೈ ಈ ವರ್ಷ ಸವೆದು ತೆಳುವಾಗಿದೆ. ಹೊಲಿಗೆ ಬಿಚ್ಚಿ, ನವಿಲಿನ ಪಟ್ಟಿಯನ್ನು ಕತ್ತರಿಸಿ ಹೊಸ ನೀಲಿ ಕುರ್ತಾದ ಎದೆಗೆ ಕೂರಿಸುತ್ತಿದ್ದೇನೆ. ಉಳಿದ ತುಂಡುಗಳನ್ನು ಅಮ್ಮ ಕೌದಿಗೆಂದು ಮಡಚಿಟ್ಟುಕೊಂಡಿದ್ದಾರೆ, ಕಂಕುಳಿನ ಎರಡು ಚೌಕಗಳ ಸಮೇತ. ಅವು ಇನ್ನೂ ಗಟ್ಟಿಯಾಗಿವೆ.